ಕೆಲಸ ಚೆನ್ನಾಗಿದೆ, ಆದ್ರೆ ರಿವ್ಯೂನಲ್ಲಿ 'ಕಮ್ಯುನಿಕೇಶನ್ ವೀಕ್' ಅಂತ ಬಂದಿದೆ. ಇದನ್ನ ಹೇಗೆ ಸರಿ ಮಾಡ್ಕೊಳ್ಳೋದು?

ಬ್ಯಾಕೆಂಡ್_ಹುಡುಗ

ಎಲ್ರಿಗೂ ನಮಸ್ಕಾರ. ನಾನು 6 ವರ್ಷದಿಂದ ಬ್ಯಾಕೆಂಡ್ ಡೆವಲಪರ್. ಕೋಡ್ ವಿಷಯದಲ್ಲಿ ಇಲ್ಲೀವರೆಗೂ ಯಾರೂ ನನ್ನ ಕಡೆ ಬೆಟ್ಟು ಮಾಡಿ ತೋರಿಸಿಲ್ಲ, ಟೀಮಲ್ಲಿ ಕಷ್ಟದ ಬಗ್ ಬಂದ್ರೆ ಮೊದ್ಲು ನನ್ನ ಹತ್ರಾನೇ ಬರ್ತಾರೆ. ಆದ್ರೆ ಈ ಸಲದ ರಿವ್ಯೂನಲ್ಲಿ ಮ್ಯಾನೇಜರ್ ಬರ್ದಿರೋದು ಒಂದೇ ಸಾಲು, "ಟೆಕ್ನಿಕಲಿ ಸ್ಟ್ರಾಂಗ್, ಕಮ್ಯುನಿಕೇಶನ್ ವೀಕ್". ಸೀನಿಯರ್ ಲೆವೆಲ್ ಈ ಸಲ ಆಗಲ್ಲ ಅಂತಾನೂ ಹೇಳಿದ್ರು.

ಇದು ಎಲ್ಲಿಂದ ಬಂತು ಅಂತ ನಂಗೆ ಗೊತ್ತು. ನಡೆದಿದ್ದನ್ನ ಹಂಗೇ ಹೇಳ್ತೀನಿ.

ಮೂರು ತಿಂಗಳ ಹಿಂದೆ ಒಂದು ರಿಲೀಸ್ ಇತ್ತು, ಅದ್ರಲ್ಲಿ ದೊಡ್ಡ ಟೇಬಲ್ ಒಂದಕ್ಕೆ ಹೊಸ ಇಂಡೆಕ್ಸ್ (ಬೇಗ ಹುಡುಕೋಕೆ ಇಡೋ ಪಟ್ಟಿ) ಹಾಕೋ ಮೈಗ್ರೇಶನ್ (ಡೇಟಾಬೇಸ್ ಬದಲಾಯಿಸೋ ಸ್ಕ್ರಿಪ್ಟ್), ಬರ್ದಿದ್ದು ಬೇರೆಯವ್ರು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಗೊತ್ತಿರೋರಿಗೆ ಗೊತ್ತು, ಅದ್ರಲ್ಲಿ ಸುಮ್ನೆ ಇಂಡೆಕ್ಸ್ ಕ್ರಿಯೇಟ್ ಮಾಡೋಕೆ ಕೊಟ್ರೆ ಅದು ಮುಗಿಯೋವರೆಗೂ ಆ ಟೇಬಲ್ ಓದಬಹುದು, ಬರೆಯೋಕೆ ಆಗಲ್ಲ, ಇದಕ್ಕೇ ಲಾಕ್ ಅನ್ನೋದು. ರೈಟ್ಸ್ (ಬರೆಯೋದು) ನಿಲ್ಲಬಾರದು ಅಂದ್ರೆ 'ಕನ್ಕರೆಂಟ್ಲಿ' ಅಂತ ಸೇರಿಸ್ಬೇಕು. ಸ್ಟೇಜಿಂಗಲ್ಲಿ (ರಿಲೀಸ್‌ಗೆ ಮುಂಚೆ ಪರೀಕ್ಷೆ ಮಾಡೋ ಸಿಸ್ಟಮ್) ಡೇಟಾ ಕಮ್ಮಿ, ಎರಡು ಸೆಕೆಂಡಲ್ಲಿ ಮುಗೀತು, ಯಾರಿಗೂ ಏನೂ ಅನ್ಸಲಿಲ್ಲ. ನಾನು ರಿಲೀಸ್‌ಗೆ ಒಂದು ವಾರ ಮೊದ್ಲೇ ನೋಡಿ ಟೀಮ್ ಚಾಟಲ್ಲಿ ಹಾಕಿದ್ದೆ. ನಾನು ಬರ್ದಿದ್ದು ಇಷ್ಟು:

"ಮೈಗ್ರೇಶನ್‌ನಲ್ಲಿ ಇಂಡೆಕ್ಸ್ ಸ್ಟೆಪ್ ಬಗ್ಗೆ ಸ್ವಲ್ಪ ಡೌಟ್ ಇದೆ, ಲಾಕ್ ಇಶ್ಯೂ ಬರಬಹುದು, ಒಂದ್ಸಲ ನೋಡ್ಕೊಂಡ್ರೆ ಒಳ್ಳೇದು."

ಮೂರು ಜನ ಥಂಬ್ಸ್ ಅಪ್ ಒತ್ತಿದ್ರು. ದಿನಾ ನಡೆಯೋ ಸಣ್ಣ ಮೀಟಿಂಗ್, ಸ್ಟ್ಯಾಂಡಪ್‌ನಲ್ಲೂ ಒಂದ್ಸಲ ಅಂದೆ. ರಿಲೀಸ್ ದಿನ 40 ನಿಮಿಷ ಒಂದೂ ಆರ್ಡರ್ ಸೇವ್ ಆಗಲಿಲ್ಲ. ಆಮೇಲೆ ಏನು ತಪ್ಪಾಯ್ತು ಅಂತ ನೋಡೋ ಪೋಸ್ಟ್‌ಮಾರ್ಟಂ ಮೀಟಿಂಗಲ್ಲಿ ನಾನು "ಇದನ್ನ ಮೊದ್ಲೇ ಹೇಳಿದ್ದೆ" ಅಂದೆ. ಮ್ಯಾನೇಜರ್ ನನ್ನ ಮುಖ ನೋಡಿ, "ಹೇಳಿದ್ದೀಯ, ಆದ್ರೆ ಯಾರಿಗೂ ತಿಳೀಲಿಲ್ಲ" ಅಂದ್ರು. ಆ ಮಾತು ಇನ್ನೂ ಕೊರೀತಿದೆ.

ನನ್ನ ಪ್ರಶ್ನೆ ಏನಂದ್ರೆ, ಹೇಳೋದು ನನ್ನ ಕೆಲಸ, ಕೇಳೋದು ಅವರ ಕೆಲಸ ಅಲ್ವಾ? ನಾನು ಜಾಸ್ತಿ ಮಾತಾಡೋನಲ್ಲ, ಇಂಗ್ಲಿಷ್ ಕೂಡ ಓದೋಕೆ ಬರೆಯೋಕೆ ಓಕೆ, ಮಾತಾಡುವಾಗ ತಡವರಿಸ್ತೀನಿ. ಸ್ಪೀಕಿಂಗ್ ಕೋರ್ಸ್ ಏನಾದ್ರೂ ಸೇರ್ಕೊಂಡ್ರೆ ಸರಿಹೋಗತ್ತಾ, ಇಲ್ಲಾ ಬೇರೆ ಏನಾದ್ರೂ ಮಾಡ್ಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.

ಹಳೇ_ಟರ್ಮಿನಲ್

ಮೊದ್ಲು ಒಂದು ಮಾತು, ನೀನು ಆ ಲಾಕ್ ಸಮಸ್ಯೆ ಒಂದು ವಾರ ಮುಂಚೆ ಹಿಡಿದಿದ್ದು ಸಣ್ಣ ವಿಷಯ ಅಲ್ಲಪ್ಪ. ಟೀಮಲ್ಲಿ ಬೇರೆ ಯಾರೂ ಹಿಡೀಲಿಲ್ಲ. ಅದಕ್ಕೇ ನಂಗೆ ಇದು ಓದಿ ಬೇಜಾರಾಯ್ತು, ಯಾಕಂದ್ರೆ ನಿನ್ನ ಹತ್ರ ಉತ್ತರ ಇತ್ತು, ಬೇಕಾದವರಿಗೆ ತಲುಪಲಿಲ್ಲ.

ಸ್ಪೀಕಿಂಗ್ ಕೋರ್ಸ್ ಆಮೇಲೆ ನೋಡೋಣ. ನೀನು ಬರ್ದಿರೋ ಆ ಒಂದು ಸಾಲನ್ನೇ ಇನ್ನೊಂದ್ಸಲ ಓದು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗಿದೆ. "ಸ್ವಲ್ಪ ಡೌಟ್", "ಬರಬಹುದು", "ನೋಡ್ಕೊಂಡ್ರೆ ಒಳ್ಳೇದು". ನಿನ್ನ ತಲೇಲಿ ಇದ್ದಿದ್ದು ಡೌಟ್ ಅಲ್ಲ, ಪ್ರೊಡಕ್ಷನಲ್ಲಿ (ಗ್ರಾಹಕರು ಬಳಸೋ ಸಿಸ್ಟಮಲ್ಲಿ) ರೈಟ್ಸ್ ನಿಲ್ಲತ್ತೆ ಅಂತ ನಿಂಗೆ ಗೊತ್ತಿತ್ತು. ಗೊತ್ತಿರೋದನ್ನ ಡೌಟ್ ಅಂತ ಯಾಕೆ ಬರ್ದೆ? ಮೈಗ್ರೇಶನ್ ಬರ್ದೋರಿಗೆ ಬೇಜಾರಾಗ್ಬಾರ್ದು ಅಂತ ಇರ್ಬೇಕು, ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಅಭ್ಯಾಸ ಇದೆ, ನಂಗೂ ಹತ್ತು ವರ್ಷ ಇತ್ತು. ಮರ್ಯಾದೆ ಕೊಡೋಕೆ ಹೋಗಿ ವಿಷಯದ ತೂಕಾನೇ ಕಳೆದ್ಬಿಡ್ತೀವಿ. ಇನ್ನೂ ಮುಖ್ಯ, ಅದನ್ನ ಯಾರು ನೋಡ್ಬೇಕು? ನೋಡಿ ಏನು ಮಾಡ್ಬೇಕು? ನೋಡದೇ ಇದ್ರೆ ಯಾರಿಗೆ ಏನಾಗತ್ತೆ? ಈ ಮೂರೂ ಇಲ್ಲ. ಥಂಬ್ಸ್ ಅಪ್ ಒತ್ತಿದ ಮೂರು ಜನಾನೂ ಉಳಿದ ಇಬ್ಬರಲ್ಲಿ ಯಾರೋ ನೋಡ್ತಾರೆ ಅಂದ್ಕೊಂಡಿರ್ತಾರೆ.

ಇದು ನಿನ್ನೊಬ್ಬನ ಕತೆ ಅಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ಗಗನನೌಕೆ ಬಗ್ಗೆ ಕೇಳಿರ್ತೀಯ, 1998ರ ಡಿಸೆಂಬರಲ್ಲಿ ಹಾರಿಸಿದ್ದು, 1999ರ ಸೆಪ್ಟೆಂಬರ್ 23ಕ್ಕೆ ಮಂಗಳದ ಹತ್ರ ಹೋಗಿ ಕಳ್ದೋಯ್ತು. ಎಲ್ರೂ ಹೇಳೋದು ಯೂನಿಟ್ ತಪ್ಪಾಯ್ತು ಅಂತ, ಅದು ನಿಜ, ಒಂದು ಸಾಫ್ಟ್‌ವೇರ್ ಥ್ರಸ್ಟರ್ (ನೌಕೆಯ ಸಣ್ಣ ಎಂಜಿನ್) ಲೆಕ್ಕ ಪೌಂಡ್-ಫೋರ್ಸ್ ಸೆಕೆಂಡಲ್ಲಿ ಕೊಡ್ತಿತ್ತು, ಇನ್ನೊಂದು ಕಡೆ ನ್ಯೂಟನ್ ಸೆಕೆಂಡ್ ಅಂತ ತಗೊಳ್ತಿದ್ರು, ಸುಮಾರು 4.45 ಪಟ್ಟು ವ್ಯತ್ಯಾಸ. 226 ಕಿಲೋಮೀಟರ್ ಎತ್ತರದಲ್ಲಿ ಹೋಗ್ಬೇಕಿದ್ದಿದ್ದು ಸುಮಾರು 57 ಕಿಲೋಮೀಟರ್‌ಗೆ ಇಳಿದಿತ್ತು ಅಂತ ಆಮೇಲೆ ಲೆಕ್ಕ ಹಾಕಿದ್ರು. ಆದ್ರೆ ನಂಗೆ ಮುಖ್ಯ ಅನ್ಸೋದು ಇದ್ರ ಮುಂದಿನ ಭಾಗ. ಒಂಬತ್ತು ತಿಂಗಳ ಪ್ರಯಾಣದಲ್ಲಿ ನ್ಯಾವಿಗೇಶನ್ ಟೀಮ್‌ಗೆ ಲೆಕ್ಕ ಹೊಂದ್ತಿಲ್ಲ ಅನ್ನೋದು ಕಂಡಿತ್ತು. ಆದ್ರೆ ತನಿಖಾ ಮಂಡಳಿ ಏನು ಬರೀತು ಅಂದ್ರೆ, ಇಂಜಿನಿಯರಿಂಗ್ ಗುಂಪುಗಳ ನಡುವೆ ಮಾತುಕತೆ ತೀರಾ ಅನೌಪಚಾರಿಕವಾಗಿತ್ತು ಅಂತ. ಕಂಡಿತ್ತು, ಆದ್ರೆ ಯಾರಾದ್ರೂ ಕೂತು ಉತ್ತರ ಕೊಡ್ಲೇಬೇಕು ಅನ್ನೋ ರೂಪದಲ್ಲಿ ಮುಂದೆ ಬರಲಿಲ್ಲ. ನಿನ್ನ ಚಾಟ್ ಮೆಸೇಜ್ ಕೂಡ ಅದೇ ಜಾತಿ.

ನಾನಾಗಿದ್ರೆ ಹಿಂಗೆ ಬರೀತಿದ್ದೆ: "ಈ ಮೈಗ್ರೇಶನ್ ಹಿಂಗೇ ಹೋದ್ರೆ ಇಂಡೆಕ್ಸ್ ಮುಗಿಯೋವರೆಗೂ ಆರ್ಡರ್ ಸೇವ್ ಆಗಲ್ಲ. ಸ್ಟೇಜಿಂಗಲ್ಲಿ ಡೇಟಾ ಕಮ್ಮಿ ಇರೋದ್ರಿಂದ ಅಲ್ಲಿ ಕಾಣಲ್ಲ. ಕನ್ಕರೆಂಟ್ಲಿ ಹಾಕಿದ್ರೆ ಸರಿಹೋಗತ್ತೆ. ಮೈಗ್ರೇಶನ್ ಬರ್ದೋರು ಬುಧವಾರದೊಳಗೆ ಬದಲಾಯಿಸಿ ಇಲ್ಲೇ ತಿಳಿಸಿ, ಅಲ್ಲೀವರೆಗೂ ರಿಲೀಸ್ ಟಿಕೆಟ್ ಬ್ಲಾಕ್ ಮಾಡಿದೀನಿ." ಟಿಕೆಟ್ ಅಂದ್ರೆ ಕೆಲಸದ ಪಟ್ಟೀಲಿರೋ ದಾಖಲೆ, ಅದನ್ನ ಬ್ಲಾಕ್ ಮಾಡಿದ ತಕ್ಷಣ ಯಾರಾದ್ರೂ ಒಬ್ರು ನಿನ್ನ ಹತ್ರ ಬರ್ಲೇಬೇಕು. ಇದ್ರಲ್ಲಿ ನಿರರ್ಗಳ ಇಂಗ್ಲಿಷ್ ಎಲ್ಲೂ ಬೇಕಾಗಿಲ್ಲ ನೋಡು.

ಲಾಜಿಕ್_ಮಾತ್ರ

ನಾನು ಇದನ್ನ ಪೂರ್ತಿ ಒಪ್ಪಲ್ಲ ಸರ್. ಹುಡುಗ ಲಾಕ್ ಇಶ್ಯೂ ಅಂತ ಬರ್ದಿದಾನೆ. ಮೈಗ್ರೇಶನ್ ಬರ್ದೋರು ಇಂಜಿನಿಯರ್, ಅದನ್ನ ಅಪ್ರೂವ್ ಮಾಡ್ದೋರು ಇಂಜಿನಿಯರ್. ಲಾಕ್ ಅನ್ನೋ ಪದ ಓದಿ ತಲೆಗೆ ಹಾಕ್ಕೊಳ್ಳದೇ ಇದ್ರೆ ತಪ್ಪು ಯಾರದ್ದು? ಎಲ್ಲಾ ಭಾರ ಹೇಳೋನ ಮೇಲೇ ಹಾಕಿದ್ರೆ ಕೇಳೋರು ಕಿವಿ ಮೇಲೆ ಹಾಕ್ಕೊಳ್ಳೋದೇ ಬಿಟ್ಟುಬಿಡ್ತಾರೆ. ನಾನು 9 ವರ್ಷದಲ್ಲಿ ನೋಡಿರೋದು ಏನಂದ್ರೆ, ಮೀಟಿಂಗಲ್ಲಿ ಚೆಂದ ಮಾತಾಡೋರು ಮೇಲೆ ಹೋಗ್ತಾರೆ, ರಾತ್ರಿ ಕೂತು ಸಿಸ್ಟಮ್ ಸರಿ ಮಾಡಿದೋರ ಹೆಸರೂ ಬರಲ್ಲ. ಬಾಯಿ ಇದ್ದೋನು ಬರದಲ್ಲೂ ಬದುಕಿದ ಅಂತಾರಲ್ಲ, ಹಂಗಾಗಿದೆ. ಕಮ್ಯುನಿಕೇಶನ್ ವೀಕ್ ಅನ್ನೋದು ಎಷ್ಟೋ ಕಡೆ ಪ್ರಮೋಷನ್ ಕೊಡದೇ ಇರೋಕೆ ಒಂದು ನೆಪ. ಮ್ಯಾನೇಜರ್ ಹತ್ರ ಲಿಖಿತವಾಗಿ ಉದಾಹರಣೆ ಕೇಳು, ಎರಡು ಮೂರು ಸಂದರ್ಭ ಹೇಳ್ಲಿ. ಹೇಳೋಕೆ ಆಗಲಿಲ್ಲ ಅಂದ್ರೆ ಆ ರಿವ್ಯೂಗೆ ತಲೆ ಕೆಡಿಸ್ಕೋಬೇಡ.

ಆನ್‌ಕಾಲ್_ಪಾಳಿ

ಲಾಜಿಕ್ ಅವ್ರು ಹೇಳಿದ "ಉದಾಹರಣೆ ಕೇಳು" ಅನ್ನೋದು ಒಳ್ಳೇ ಸಲಹೆ, ಅದನ್ನ ಖಂಡಿತ ಮಾಡು. ಆದ್ರೆ ಲಾಕ್ ಅಂತ ಬರ್ದ್ಮೇಲೆ ಓದೋರ ತಪ್ಪು ಅನ್ನೋದಕ್ಕೆ ನಂದೊಂದು ಮಾತಿದೆ. ನಾನು ಆನ್‌ಕಾಲ್ ಕೆಲಸ ಮಾಡೋನು, ಅಂದ್ರೆ ಸಿಸ್ಟಮ್ ಕೆಟ್ರೆ ಯಾವ ಹೊತ್ತಲ್ಲಾದ್ರೂ ನೋಡೋನು, ದಿನಕ್ಕೆ ನೂರಾರು ಮೆಸೇಜ್ ಕಣ್ಣ ಮುಂದೆ ಹೋಗತ್ತೆ, ಅದ್ರಲ್ಲಿ ಮುಕ್ಕಾಲು ಪಾಲು "ಬರಬಹುದು, ಆಗಬಹುದು" ಅನ್ನೋ ಥರದ್ದೇ. ಅವುಗಳ ಮಧ್ಯೆ ನಿಜವಾದದ್ದು ಬೇರೆ ಥರ ಕಾಣದೇ ಇದ್ರೆ ಹಿಡಿಯೋದು ಹೇಗೆ?

2012ರ ಆಗಸ್ಟ್ 1ರಂದು ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅನ್ನೋ ಟ್ರೇಡಿಂಗ್ ಕಂಪನಿಗೆ ಆಗಿದ್ದು ಓದಿ. 8 ಸರ್ವರಲ್ಲಿ 7ಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹೋಗಿರ್ಲಿಲ್ಲ, ಅದ್ರಲ್ಲಿದ್ದ ಹಳೇ ಕೋಡ್ ಎಚ್ಚರ ಆಗಿ ಸಿಕ್ಕಾಪಟ್ಟೆ ಆರ್ಡರ್ ಕಳಿಸ್ತು. ಸುಮಾರು 45 ನಿಮಿಷದಲ್ಲಿ ನಡೆದ ಅನಾಹುತಕ್ಕೆ ಆದ ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಈಗ ಕೇಳಿ, ಮಾರ್ಕೆಟ್ ತೆರೆಯೋಕೆ ಮುಂಚೆನೇ ಅವರ ಸಿಸ್ಟಮ್ ಆ ಎರರ್ ಬಗ್ಗೆ 97 ಇಮೇಲ್ ತಾನಾಗೇ ಕಳಿಸಿತ್ತು. 97! ಅದನ್ನ ಅಲರ್ಟ್ ಅಂತ ಯಾರೂ ರೂಪಿಸಿರ್ಲಿಲ್ಲ, ಅಂಥ ಇಮೇಲ್ ಬಂದ ತಕ್ಷಣ ನೋಡೋ ಪದ್ಧತಿನೂ ಇರ್ಲಿಲ್ಲ. ಕಳಿಸೋದು ಬೇರೆ, ಮುಟ್ಟೋದು ಬೇರೆ. 97 ಸಲ ಕಳಿಸಿದ್ರೂ ಮುಟ್ಟಲಿಲ್ಲ ಅಂದ್ರೆ ಸಂಖ್ಯೆ ಜಾಸ್ತಿ ಮಾಡೋದ್ರಿಂದ ಏನೂ ಆಗಲ್ಲ.

ನಮ್ಮ ಟೀಮಲ್ಲಿ ಈಗ ಒಂದು ರೂಢಿ ಇಟ್ಕೊಂಡಿದೀವಿ. ಗುಂಪಿಗೆ ಹಾಕೋ ಯಾವ ಎಚ್ಚರಿಕೆಗೂ ಒಬ್ಬರ ಹೆಸರು ಇರ್ಲೇಬೇಕು, ಆ ಒಬ್ರು ತಮ್ಮದೇ ಮಾತಲ್ಲಿ "ನಾನು ಇಂಥದ್ದು ಮಾಡ್ತೀನಿ, ಇಷ್ಟೊತ್ತಿಗೆ" ಅಂತ ವಾಪಸ್ ಬರೀಬೇಕು. ಥಂಬ್ಸ್ ಅಪ್‌ನ ಉತ್ತರ ಅಂತ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಇದು ನಮ್ಮ ಸ್ವಂತ ಕಲ್ಪನೆ ಅಲ್ಲ, ವಿಮಾನದೋರು ಯಾವತ್ತಿಂದ ಮಾಡ್ತಿದಾರೆ, ಕಂಟ್ರೋಲರ್ ಹೇಳಿದ ಕ್ಲಿಯರೆನ್ಸ್‌ನ (ಅನುಮತಿ) ಪೈಲಟ್ ತಿರುಗಿ ಹೇಳ್ಬೇಕು. 1977ರ ಮಾರ್ಚ್ 27ಕ್ಕೆ ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನ ಡಿಕ್ಕಿ ಆಗಿ 583 ಜನ ಸತ್ರು, ಕಾಕ್‌ಪಿಟ್ ಒಂದು ಅರ್ಥದಲ್ಲಿ ಹೇಳಿದ್ದನ್ನ ಟವರ್ ಇನ್ನೊಂದು ಅರ್ಥದಲ್ಲಿ ತಗೊಂಡಿತ್ತು. ಆಮೇಲೆ 'ಟೇಕಾಫ್' ಅನ್ನೋ ಪದಾನೇ ನಿಜವಾದ ಟೇಕಾಫ್ ಕ್ಲಿಯರೆನ್ಸ್ ಕೊಡುವಾಗ, ಇಲ್ಲಾ ಅದನ್ನ ರದ್ದು ಮಾಡುವಾಗ ಮಾತ್ರ ಬಳಸ್ಬೇಕು ಅಂತ ಆಯ್ತು, ಉಳಿದ ಕಡೆ 'ಡಿಪಾರ್ಚರ್' ಅಂತಾರೆ. ಒಂದು ಪದದ ಬಗ್ಗೆ ಅಷ್ಟು ಕಾಳಜಿ.

ಬಗ್_ಹಿಡಿಯೋಳು

ನಾನು ಟೆಸ್ಟಿಂಗ್ ಕಡೆಯೋಳು, 11 ವರ್ಷ ಆಯ್ತು. ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ಬರೀ ತಿಳಿಸೋದೇ. ಬಗ್ ಹುಡುಕೋಕೆ ಒಂದು ಗಂಟೆ ಆದ್ರೆ ಅದನ್ನ ಡೆವಲಪರ್‌ಗೆ ನಂಬಿಸೋಕೆ ಇನ್ನೊಂದು ಗಂಟೆ ಬೇಕು ಅನ್ನೋ ಕಾಲ ಇತ್ತು ನಂಗೆ. "ಪೇಮೆಂಟ್ ವರ್ಕ್ ಆಗ್ತಿಲ್ಲ" ಅಂತ ಬರೀತಿದ್ದೆ, ಅವ್ರು "ನನ್ನ ಮಷೀನಲ್ಲಿ ಆಗ್ತಿದೆ" ಅಂತ ಕ್ಲೋಸ್ ಮಾಡ್ತಿದ್ರು, ನಂಗೆ ಕೋಪ ಬರ್ತಿತ್ತು, ಹಿಂಗೇ ಒಂದು ವರ್ಷ ಹೋಯ್ತು. ಆಮೇಲೆ ಒಬ್ರು ಸೀನಿಯರ್ ಕೂರಿಸಿ ಹೇಳ್ಕೊಟ್ರು. ಏನು ಮಾಡ್ದೆ, ಏನಾಗ್ಬೇಕಿತ್ತು, ಏನಾಯ್ತು, ಎಷ್ಟು ಸಲಕ್ಕೆ ಒಂದ್ಸಲ ಆಗತ್ತೆ, ಯಾವ ವರ್ಶನ್. ಇಷ್ಟಿದ್ರೆ ಯಾರೂ ಕ್ಲೋಸ್ ಮಾಡಲ್ಲ, ಮಾಡೋಕೂ ಆಗಲ್ಲ.

ಇಲ್ಲಿ ಎಲ್ರೂ ಮನುಷ್ಯರು ಮನುಷ್ಯರಿಗೆ ಹೇಳೋದ್ರ ಬಗ್ಗೆ ಮಾತ್ರ ಮಾತಾಡ್ತಿದೀರ. ನಾವು ಬರೆಯೋ ಸಾಫ್ಟ್‌ವೇರ್ ಕೂಡ ಜನರ ಹತ್ರ ಮಾತಾಡತ್ತೆ, ಆ ಮಾತು ಬರ್ದೋರು ನಾವೇ. ಥೆರಾಕ್-25 ಅಂತ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡೋ ಮಷೀನ್ ಇತ್ತು, 1985ರಿಂದ 1987ರ ನಡುವೆ ಅದ್ರಿಂದ ಗೊತ್ತಿರೋ ಹಾಗೆ 6 ಜನಕ್ಕೆ ಅಳತೆ ಮೀರಿ ರೇಡಿಯೇಶನ್ ಬಿತ್ತು, ಕೆಲವರು ಜೀವಾನೇ ಕಳ್ಕೊಂಡ್ರು. ಸಾಫ್ಟ್‌ವೇರ್‌ನಲ್ಲಿ ದೋಷ ಇತ್ತು, ಹೌದು. ಆದ್ರೆ ಆಪರೇಟರ್‌ಗೆ ಸ್ಕ್ರೀನ್ ಮೇಲೆ ಬರ್ತಿದ್ದಿದ್ದು ಏನು ಗೊತ್ತಾ? 'ಮಾಲ್‌ಫಂಕ್ಷನ್ 54'. ಅಷ್ಟೇ. ಅದೇನು ಅಂತ ಆಪರೇಟರ್ ಮ್ಯಾನುಯಲಲ್ಲಿ ವಿವರ ಇರ್ಲಿಲ್ಲ. ಇಂಥ ಮಾಲ್‌ಫಂಕ್ಷನ್ ಮೆಸೇಜ್ ಪದೇ ಪದೇ ಬರ್ತಿತ್ತು, 'ಪಿ' ಒತ್ತಿದ್ರೆ ಮುಂದೆ ಹೋಗ್ತಿತ್ತು, ಒತ್ತಿ ಒತ್ತಿ ಅವರಿಗೆ ಅದೇ ಅಭ್ಯಾಸ. "ರೋಗಿಗೆ ಜಾಸ್ತಿ ಡೋಸ್ ಹೋಗಿರಬಹುದು, ನಿಲ್ಲಿಸಿ" ಅಂತ ಒಂದು ಸಾಲು ಇದ್ದಿದ್ರೆ ಆ ಆಪರೇಟರ್ ಕೈ ಆ ಕೀ ಮೇಲೆ ಹೋಗ್ತಿತ್ತಾ? ಇದನ್ನ ಯಾವಾಗ ನೆನಸ್ಕೊಂಡ್ರೂ ನಂಗೆ ಹೊಟ್ಟೆ ತೊಳಸಿದಂಗೆ ಆಗತ್ತೆ. ಅದಕ್ಕೇ ನಾನು ಈಗ ಎರರ್ ಮೆಸೇಜ್ ಕೂಡ ಟೆಸ್ಟ್ ಮಾಡ್ತೀನಿ, "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ಕಂಡ್ರೆ ಬಗ್ ಹಾಕ್ತೀನಿ. ಡೆವಲಪರ್ಸ್ ಗೊಣಗ್ತಾರೆ, ಗೊಣಗ್ಲಿ.

ತಮ್ಮಾ, ನಿನ್ನ ಲಾಕ್ ವಿಷಯಾನೂ ಬಗ್ ಅಂತಾನೇ ಟಿಕೆಟ್ ಹಾಕ್ಬೇಕಿತ್ತು. ಚಾಟ್ ಮೆಸೇಜ್ ಸಂಜೆ ಹೊತ್ತಿಗೆ ಮೇಲೆ ಹೋಗ್ಬಿಡತ್ತೆ, ಟಿಕೆಟ್ ಯಾರಾದ್ರೂ ಮುಚ್ಚೋವರೆಗೂ ಅಲ್ಲೇ ಕೂತಿರತ್ತೆ.

ಮೆಲುದನಿ

ನೀವು ಮಾತಾಡುವಾಗ ತಡವರಿಸ್ತೀನಿ ಅಂದ್ರಲ್ಲ, ಅದನ್ನ ಓದಿ ಬರೀಬೇಕು ಅನ್ಸ್ತು. ನಂಗೆ ಚಿಕ್ಕಂದಿನಿಂದ ಉಗ್ಗು ಇದೆ. ಮೊದಲ ಕೆಲಸದಲ್ಲಿ ಸ್ಟ್ಯಾಂಡಪ್ ಅಂದ್ರೆ ಬೆಳಗ್ಗೆ ಎದ್ದಾಗಿಂದ ಎದೆ ಢವಢವ. ನನ್ನ ಸರದಿ ಬರೋ ಹೊತ್ತಿಗೆ "ನಿನ್ನೆ ಮಾಡಿದ್ದೇ ಇವತ್ತೂ" ಅಂತ ಹೇಳಿ ಮುಗಿಸ್ತಿದ್ದೆ, ಕೆಲಸ ಸಿಕ್ಕಾಕ್ಕೊಂಡಿದ್ರೂ ಹೇಳ್ತಿರ್ಲಿಲ್ಲ. ಹಾಗೆ ಒಂದ್ಸಲ ನಾಲ್ಕು ದಿನ ಒಂದು ಪರ್ಮಿಷನ್‌ಗೆ ಕಾಯ್ತಾ ಕೂತಿದ್ದೆ, ಕೊಡಬೇಕಾದವರು ಪಕ್ಕದ ಸೀಟಲ್ಲೇ ಇದ್ರು.

ನಂಗೆ ದಾರಿ ಆಗಿದ್ದು ಬರವಣಿಗೆ. ಸ್ಟ್ಯಾಂಡಪ್‌ಗೆ ಮುಂಚೆ ಮೂರು ಸಾಲು ಚಾಟಲ್ಲಿ ಹಾಕೋಕೆ ಶುರು ಮಾಡ್ದೆ, ಏನು ಮುಗೀತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು. ಮೀಟಿಂಗಲ್ಲಿ ಅದನ್ನೇ ಓದಿದ್ರೆ ಸಾಕು. ಆಮೇಲೆ ಡಿಸೈನ್ ಚರ್ಚೆ ಇದ್ರೆ ಹಿಂದಿನ ದಿನಾನೇ ಒಂದೂವರೆ ಪುಟ ಬರ್ದು ಕಳಿಸ್ತಿದ್ದೆ, ಬೇರೆಯವ್ರು ಮೀಟಿಂಗಲ್ಲಿ ನನ್ನ ಪುಟ ಇಟ್ಕೊಂಡು ಮಾತಾಡ್ತಿದ್ರು, ನಾನು ಕಮ್ಮಿ ಮಾತಾಡಿದ್ರೂ ನನ್ನ ವಿಚಾರ ಮೇಜಿನ ಮೇಲೆ ಇರ್ತಿತ್ತು. ಅಮೆಜಾನಲ್ಲಿ 2004ರಲ್ಲಿ ಜೆಫ್ ಬೆಜೋಸ್ ಹಿರಿಯರ ಮೀಟಿಂಗಲ್ಲಿ ಪವರ್‌ಪಾಯಿಂಟ್ ಬೇಡ ಅಂದು ಆರು ಪುಟಕ್ಕೆ ಮೀರದಂಗೆ ಪೂರ್ತಿ ವಾಕ್ಯಗಳ ಬರಹ ತರೋಕೆ ಹೇಳಿದ್ರು, ಮೀಟಿಂಗ್ ಶುರುವಾಗೋದೇ ಎಲ್ರೂ ಸುಮ್ನೆ ಕೂತು ಅದನ್ನ ಓದೋದ್ರಿಂದ. ನನ್ನಂಥೋರಿಗೆ ಅಂಥ ಮೀಟಿಂಗ್ ಅಂದ್ರೆ ಹಬ್ಬ. ಇಂಟರ್ನೆಟ್ಟೇ ನೋಡಿ, 1969ರ ಏಪ್ರಿಲಲ್ಲಿ ಸ್ಟೀವ್ ಕ್ರಾಕರ್ ಬರೆದ ಮೊದಲನೇ ಆರ್‌ಎಫ್‌ಸಿಯಿಂದ (ನೆಟ್‌ವರ್ಕ್ ಹೇಗೆ ನಡೀಬೇಕು ಅಂತ ಚರ್ಚಿಸೋ ದಾಖಲೆ) ಹಿಡಿದು ಇವತ್ತಿನವರೆಗೂ ಬರಹದ ಮೇಲೇ ನಿಂತಿದೆ. ಅದಕ್ಕೆ ಇಟ್ಟ ಹೆಸರೇ 'ಅಭಿಪ್ರಾಯ ತಿಳಿಸಿ ಅನ್ನೋ ಕೋರಿಕೆ' ಅಂತ, ಆಗಿನ್ನೂ ವಿದ್ಯಾರ್ಥಿಗಳಾಗಿದ್ದ ಅವ್ರು ಯಾರ ಮೇಲೂ ಅಧಿಕಾರ ಚಲಾಯಿಸ್ತಿದೀವಿ ಅನ್ನಿಸ್ಬಾರ್ದು ಅಂತ ಯೋಚಿಸಿ ಇಟ್ಟಿದ್ದು.

ಪ್ರತಿ ಕೋಡ್ ಬದಲಾವಣೆ ಜೊತೆ ಬರೆಯೋ ಕಮಿಟ್ ಮೆಸೇಜ್‌ನಿಂದ ಶುರು ಮಾಡಿ, ದಿನಾ ಸಿಗೋ ಅಭ್ಯಾಸ ಅದು. "ಫಿಕ್ಸ್ಡ್ ಬಗ್" ಅಂತ ಬರೆಯೋದು ಬಿಡಿ. ಏನು ಬದಲಾಯ್ತು ಅನ್ನೋದು ಹಳೇದು ಹೊಸದು ಹೋಲಿಸೋ ಡಿಫ್‌ನಲ್ಲಿ ಕಾಣತ್ತೆ, ಯಾಕೆ ಅನ್ನೋದು ಕಾಣಲ್ಲ, ಅದನ್ನ ಬರೀರಿ. ಆರು ತಿಂಗಳಾದ್ಮೇಲೆ ರಾತ್ರಿ ಎರಡಕ್ಕೆ ಯಾರೋ ಬ್ಲೇಮ್ (ಕೋಡಿನ ಯಾವ ಸಾಲು ಯಾರು ಬದಲಾಯಿಸಿದ್ದು ಅಂತ ತೋರಿಸೋ ಕಮಾಂಡ್) ಹಾಕಿ ನಿಮ್ಮ ಮೆಸೇಜ್ ಓದ್ತಾರೆ.

ಲಾಜಿಕ್_ಮಾತ್ರ

ಮೆಲುದನಿ ಅವ್ರು ಬರ್ದಿದ್ದು ಓದ್ಮೇಲೆ ನನ್ನ ಮಾತು ಸ್ವಲ್ಪ ಬದಲಾಯಿಸ್ತೀನಿ. ನಂಗೆ ಕೋಪ ಇದ್ದಿದ್ದು ಮಾತುಗಾರಿಕೆ ಮೇಲೆ, ನೀವೆಲ್ಲಾ ಹೇಳ್ತಿರೋದು ಬೇರೇನೇ. ಆದ್ರೂ ಒಂದು ಪ್ರಶ್ನೆ ಉಳಿಯತ್ತೆ, ಕೋಡ್ ನೀಟಾಗಿದ್ರೆ, ಕೋಡ್ ಭಾಗಗಳು ಒಂದಕ್ಕೊಂದು ಸೇರೋ ಇಂಟರ್‌ಫೇಸ್ ಸರಿಯಾಗಿದ್ರೆ ಇಷ್ಟು ಹೇಳ್ಕೊಂಡು ಕೂರೋ ಅಗತ್ಯಾನೇ ಕಮ್ಮಿ ಆಗಲ್ವಾ?

ಹಳೇ_ಟರ್ಮಿನಲ್

ಕಮ್ಮಿ ಆಗತ್ತೆ, ಖಂಡಿತ. ಇಲ್ಲ ಅನ್ನೋಕೆ ಆಗಲ್ಲ. ಐಬಿಎಮ್‌ನ ಓಎಸ್/360 ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಲೆಕ್ಕ ಕೊಟ್ಟಿದಾರೆ, ಪ್ರತಿಯೊಬ್ರೂ ಪ್ರತಿಯೊಬ್ರ ಜೊತೆ ಮಾತಾಡ್ಬೇಕು ಅಂದ್ರೆ 5 ಜನಕ್ಕೆ 10 ಜೋಡಿ, 10 ಜನಕ್ಕೆ 45, 50 ಜನಕ್ಕೆ 1225. ಅದಕ್ಕೇ ತಡವಾಗಿರೋ ಪ್ರಾಜೆಕ್ಟ್‌ಗೆ ಜನ ಸೇರಿಸಿದ್ರೆ ಇನ್ನೂ ತಡ ಆಗತ್ತೆ ಅಂದ್ರು. ಈ ಜೋಡಿಗಳನ್ನ ಕಮ್ಮಿ ಮಾಡೋದೇ ಒಳ್ಳೇ ಇಂಟರ್‌ಫೇಸ್‌ನ ಕೆಲಸ. ಆದ್ರೆ ಆ ಇಂಟರ್‌ಫೇಸ್ ಹೇಗಿರ್ಬೇಕು ಅಂತ ಎರಡು ಟೀಮ್ ಕೂತು ಒಪ್ಕೋಬೇಕಲ್ಲ, ಅಲ್ಲಿ ಮಾತು ಕೆಟ್ರೆ ಕೋಡಲ್ಲೂ ಅದೇ ಬಿರುಕು ಕಾಣತ್ತೆ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದಿದ್ದೂ ಇದೇ, ಒಂದು ಸಂಸ್ಥೇಲಿ ಜನ ಹೇಗೆ ಮಾತಾಡ್ಕೊಳ್ತಾರೋ ಅವ್ರು ಕಟ್ಟೋ ಸಿಸ್ಟಮ್ ಅದೇ ಆಕಾರಕ್ಕೆ ಬರತ್ತೆ ಅಂತ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ಟೀಮ್ ಲೀಡ್‌ಗಳಿಗೆ ಮಾತೇ ಇರ್ಲಿಲ್ಲ, ಇಬ್ಬರ ಸರ್ವಿಸ್ ನಡುವೆ ಒಂದೇ ಡೇಟಾನ ಎರಡೆರಡು ಸಲ ವ್ಯಾಲಿಡೇಟ್ ಮಾಡ್ತಿದ್ವಿ, ವರ್ಷಗಟ್ಟಲೆ.

ಬ್ಯಾಕೆಂಡ್_ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದೊಂದು ಉತ್ತರಾನೂ ಎರಡು ಸಲ ಓದಿದೀನಿ. ಟರ್ಮಿನಲ್ ಸರ್, ನೀವು ಕೇಳಿದ "ಗೊತ್ತಿರೋದನ್ನ ಡೌಟ್ ಅಂತ ಯಾಕೆ ಬರ್ದೆ" ಅನ್ನೋ ಪ್ರಶ್ನೆಗೆ ಉತ್ತರ ನೀವೇ ಹೇಳಿದ್ದೇ, ಆ ಮೈಗ್ರೇಶನ್ ಬರ್ದೋರು ನನಗಿಂತ ಸೀನಿಯರ್.

ಈಗ ಇನ್ನೊಂದು ವಿಷಯ ಕೇಳ್ಬೇಕು, ಇದು ಈಗ ನಡೀತಿರೋದು. ನಮ್ಮ ಆರ್ಡರ್ ಟೇಬಲ್‌ನ ಐಡಿ ಕಾಲಂ 32 ಬಿಟ್ ಇಂಟಿಜರ್. ಅದ್ರ ಮಿತಿ 2,147,483,647, ಅಂದ್ರೆ ಸುಮಾರು 214 ಕೋಟಿ. ನಾವು ಈಗ 180 ಕೋಟಿ ದಾಟಿದೀವಿ, ತಿಂಗಳಿಗೆ ಸುಮಾರು 6 ಕೋಟಿ ಸೇರ್ತಿದೆ. ಮಿತಿ ಮುಟ್ಟಿದ ದಿನ ಹೊಸ ಆರ್ಡರ್ ಒಂದೂ ಸೇರಲ್ಲ. ಪ್ರಾಡಕ್ಟ್ ಮ್ಯಾನೇಜರ್‌ಗೆ ಎರಡು ಸಲ ಹೇಳಿದೀನಿ, "ಐಡಿ ಬಿಗ್‌ಇಂಟ್ ಮಾಡ್ಬೇಕು, ಟೆಕ್ ಡೆಟ್ ಇದೆ" ಅಂತ. ಬಿಗ್‌ಇಂಟ್ ಅಂದ್ರೆ ಇನ್ನೂ ದೊಡ್ಡ ಸಂಖ್ಯೆ ಹಿಡಿಯೋ ಕಾಲಂ, ಟೆಕ್ ಡೆಟ್ ಅಂದ್ರೆ ಆಮೇಲೆ ತಿದ್ದೋಕೆ ಬಿಟ್ಟಿರೋ ಕೆಲಸ. ಎರಡು ಸಲಾನೂ ಮುಂದಿನ ಕ್ವಾರ್ಟರ್‌ಗೆ ಹಾಕಿದ್ರು. ಅವ್ರು ಟೆಕ್ನಿಕಲ್ ಅಲ್ಲ. ಹೇಗೆ ಹೇಳ್ಲಿ?

ಹಳೇ_ಟರ್ಮಿನಲ್

ಇಲ್ಲಿಗೆ ಬರ್ದಿರೋದನ್ನೇ ಅವರಿಗೆ ಹೇಳಿದ್ರೆ ಮುಗೀತಿತ್ತಲ್ಲೋ! "ಮಿತಿ ಮುಟ್ಟಿದ ದಿನ ಹೊಸ ಆರ್ಡರ್ ಒಂದೂ ಸೇರಲ್ಲ" ಅನ್ನೋದು ಅವರಿಗೆ ಯಾವತ್ತೂ ಕೇಳೇ ಇಲ್ಲ. ಅವರಿಗೆ ಕೇಳಿದ್ದು ಬಿಗ್‌ಇಂಟ್.

ಟೆಕ್ನಿಕಲ್ ಡೆಟ್ ಅನ್ನೋ ಪದ ಹೇಗೆ ಹುಟ್ತು ಗೊತ್ತಾ? ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಹಣಕಾಸಿನ ಸಾಫ್ಟ್‌ವೇರ್ ಮಾಡ್ತಿದ್ರು, ಬರೆದಿರೋ ಕೋಡನ್ನ ಮತ್ತೆ ಯಾಕೆ ತಿದ್ದಬೇಕು ಅಂತ ಬಾಸ್‌ಗೆ ಹೇಳೋಕೆ ಸಾಲದ ಹೋಲಿಕೆ ಹಿಡಿದ್ರು, 1992ರಲ್ಲಿ ಅದನ್ನ ಬರೆದ್ರು. ಸಾಲ, ಬಡ್ಡಿ, ತೀರಿಸೋದು, ಹಣಕಾಸಿನ ಕೆಲಸದಲ್ಲಿ ಮುಳುಗಿರೋ ಮನುಷ್ಯನಿಗೆ ಇದಕ್ಕಿಂತ ಹತ್ತಿರದ ಮಾತು ಇಲ್ಲ. ಈಗ ನಾವು ಅದೇ ಪದಾನ ಯಾರಿಗೆ ಬೇಕಾದ್ರೂ ಎಸೀತೀವಿ, ಹೋಲಿಕೆ ಸವೆದು ಹೋಗಿ ಬರೀ ಲೇಬಲ್ ಉಳಿದಿದೆ. ಅಮೆರಿಕದ ನೌಕಾಪಡೆಯ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಇನ್ನೂ ಚೆನ್ನಾಗಿ ಮಾಡಿದ್ರು. ಸ್ಯಾಟಲೈಟ್ ಮೂಲಕ ಮೆಸೇಜ್ ಹೋಗೋಕೆ ಯಾಕಿಷ್ಟು ಹೊತ್ತು ಅಂತ ನೌಕಾಪಡೆ ಅಧಿಕಾರಿಗಳು ಕೇಳಿದ್ರೆ, ಒಂದಡಿಗಿಂತ ಚೂರು ಕಮ್ಮಿ, ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡು ಕೈಗೆ ಕೊಡ್ತಿದ್ರು. ಒಂದು ನ್ಯಾನೋಸೆಕೆಂಡಲ್ಲಿ ಬೆಳಕು ಇಷ್ಟೇ ದೂರ ಹೋಗೋಕೆ ಸಾಧ್ಯ, ಇಲ್ಲಿಂದ ಸ್ಯಾಟಲೈಟ್‌ವರೆಗೆ ಇಂಥ ತುಂಡು ಎಷ್ಟು ಜೋಡಿಸ್ಬೇಕು ನೀವೇ ಯೋಚಿಸಿ ಅಂತ. ನ್ಯಾನೋಸೆಕೆಂಡ್ ಅನ್ನೋದು ಕೈಯಲ್ಲಿ ಹಿಡಿಯೋ ವಸ್ತು ಆಯ್ತು.

ನಿನ್ನ ಪ್ರಾಡಕ್ಟ್ ಮ್ಯಾನೇಜರ್ ಕೈಯಲ್ಲಿ ಹಿಡಿಯೋ ವಸ್ತು ಯಾವುದು? ತಾರೀಖು. ಅವ್ರ ಕೆಲಸಾನೇ ತಾರೀಖುಗಳ ಮೇಲೆ ನಡೆಯೋದು. ಬರ್ದು ಇಲ್ಲಿ ಹಾಕು, ನೋಡೋಣ.

ಬ್ಯಾಕೆಂಡ್_ಹುಡುಗ

ಮೂರು ಸಲ ಹೊಡೆದಾಕಿ ಬರ್ದೆ. ಇದು ಈಗಿನ ರೂಪ:

"ಇದೇ ವೇಗದಲ್ಲಿ ಹೋದ್ರೆ ಇನ್ನು ಐದೂವರೆ ತಿಂಗಳಿಗೆ ಹೊಸ ಆರ್ಡರ್ ತಗೊಳ್ಳೋದು ಪೂರ್ತಿ ನಿಲ್ಲತ್ತೆ. ಕಾರಣ, ಆರ್ಡರ್ ನಂಬರ್‌ಗೆ ಇಟ್ಟಿರೋ ಜಾಗ 214 ಕೋಟಿವರೆಗೆ ಮಾತ್ರ, 180 ಕೋಟಿ ಆಗ್ಲೇ ಖರ್ಚಾಗಿದೆ. ಒಂದೇ ಏಟಿಗೆ ಕಾಲಂ ಬದಲಾಯಿಸಿದ್ರೆ ಇಡೀ ಟೇಬಲ್ ಮತ್ತೆ ಬರೆಯೋ ಹೊತ್ತು ಆರ್ಡರ್ ಸೇವ್ ಮಾಡೋಕೂ ಆಗಲ್ಲ, ನೋಡೋಕೂ ಆಗಲ್ಲ, ಅದು ಗಂಟೆಗಟ್ಟಲೆ ಆಗಬಹುದು. ನಿಲ್ಲಿಸದೇ ಮಾಡೋ ದಾರಿ ಇದೆ, ಪಕ್ಕದಲ್ಲಿ ದೊಡ್ಡ ಕಾಲಂ ಮಾಡಿ ಸ್ವಲ್ಪ ಸ್ವಲ್ಪ ನಕಲು ಮಾಡಿ ಕೊನೆಗೆ ಬದಲಾಯಿಸೋದು, ಅದಕ್ಕೆ ಇಬ್ಬರಿಗೆ 5 ವಾರ ಬೇಕು. ಈ ಕ್ವಾರ್ಟರಲ್ಲೇ ಶುರು ಮಾಡೋಕೆ ನಿಮ್ಮ ಒಪ್ಪಿಗೆ ಬೇಕು. ಮುಂದಿನ ಕ್ವಾರ್ಟರ್ ಕೊನೆಗೆ ಹೋದ್ರೆ ಏನಾದ್ರೂ ತಪ್ಪಿದ್ರೆ ಸರಿ ಮಾಡೋಕೆ ಟೈಮ್ ಇರಲ್ಲ. ಶುಕ್ರವಾರದೊಳಗೆ ಹೌದು ಅಥವಾ ಬೇಡ ಅಂತ ತಿಳಿಸ್ತೀರಾ?"

ಆನ್‌ಕಾಲ್_ಪಾಳಿ

ಇದನ್ನ ಓದಿದ್ರೆ ನಾನೇ ಎದ್ದು ಕೂರ್ತೀನಿ. "ಐದೂವರೆ ತಿಂಗಳು" ಅನ್ನೋ ಕಡೆ ತಿಂಗಳ ಹೆಸರು ಹಾಕು. ಆಮೇಲೆ ಆಫರ್ ಸೀಸನ್ ಏನಾದ್ರೂ ಮಧ್ಯ ಬಂದ್ರೆ ತಿಂಗಳಿಗೆ 6 ಕೋಟಿ ಅನ್ನೋದು ಏರತ್ತೆ, ಆ ಲೆಕ್ಕ ನೋಡಿದೀಯಾ?

ಬಗ್_ಹಿಡಿಯೋಳು

ತಮ್ಮಾ, ಬರ್ದಿರೋದು ಚೆನ್ನಾಗಿದೆ, ಆದ್ರೆ ಕಳ್ಸೋಕೆ ಮುಂಚೆ ಒಂದು ನೋಡು. ಈ ಆರ್ಡರ್ ಐಡಿನ ಬೇರೆ ಟೇಬಲ್‌ಗಳೂ ಇಟ್ಕೊಂಡಿರ್ತಾವಲ್ಲ, ಪೇಮೆಂಟು, ಡೆಲಿವರಿ, ಅವುಗಳಲ್ಲೂ ಕಾಲಂ 32 ಬಿಟ್ಟೇ ಇರತ್ತೆ. ಆರ್ಡರ್ ಟೇಬಲ್ ಒಂದೇ ಸರಿ ಮಾಡಿದ್ರೆ ಆರ್ಡರ್ ಸೇರತ್ತೆ, ಪೇಮೆಂಟ್ ಸೇರಲ್ಲ. ಅದು ಇನ್ನೂ ಕೆಟ್ಟದ್ದು. 5 ವಾರದಲ್ಲಿ ಅದೂ ಸೇರಿದ್ಯಾ? ಬೇರೆ ಟೀಮ್‌ನ ಸರ್ವಿಸ್ ಏನಾದ್ರೂ ಆ ಐಡಿನ ಇಂಟಿಜರ್ ಅಂತ ಓದ್ತಿದ್ರೆ ಅವರಿಗೂ ಈಗ್ಲೇ ತಿಳಿಸ್ಬೇಕು.

ಬ್ಯಾಕೆಂಡ್_ಹುಡುಗ

ಅಕ್ಕಾ, ನೋಡ್ದೆ. ನಾಲ್ಕು ಟೇಬಲಲ್ಲಿ ಇದೆ, ನಾನು ಲೆಕ್ಕಕ್ಕೆ ಹಿಡ್ದಿದ್ದು ಒಂದೇ. ರಿಪೋರ್ಟಿಂಗ್ ಟೀಮ್‌ನೋರ ಒಂದು ಸರ್ವಿಸ್ ಕೂಡ ಇಂಟಿಜರ್ ಅಂತಾನೇ ಓದ್ತಿದೆ, ಅವ್ರ ಲೀಡ್ ಹತ್ರ ಈಗಷ್ಟೇ ಮಾತಾಡ್ದೆ, ಅವರಿಗೆ ಇದು ಗೊತ್ತೇ ಇರ್ಲಿಲ್ಲ. 5 ವಾರ ಇದ್ದಿದ್ದನ್ನ 8 ಮಾಡಿದೀನಿ, ತಿಂಗಳ ಹೆಸರು ಹಾಕಿದೀನಿ, ಆಫರ್ ಸೀಸನ್ ಸೇರಿಸಿದ್ರೆ ಐದೂವರೆ ತಿಂಗಳು ನಾಲ್ಕೂವರೆಗೆ ಇಳೀತು, ಅದನ್ನೂ ಬರ್ದಿದೀನಿ. ಕಳಿಸಿ ಹತ್ತು ನಿಮಿಷ ಆಗಿಲ್ಲ, ಪ್ರಾಡಕ್ಟ್ ಮ್ಯಾನೇಜರ್ ಫೋನ್ ಮಾಡಿದ್ರು, "ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ?" ಅಂತ. ನಾನು ಹೇಳಿದ್ದೆ ಅನ್ನೋ ಮಾತು ಬಾಯಿವರೆಗೂ ಬಂತು, ನುಂಗ್ಕೊಂಡೆ. ನಾಳೆ 11ಕ್ಕೆ ಕೂರೋಣ, ಮೊದ್ಲು ಯಾವ ಟೇಬಲ್ ಅಂತ ಪಟ್ಟಿ ತಗೊಂಡು ಬಾ ಅಂದಿದಾರೆ. ಪಟ್ಟಿ ಮಾಡ್ತಿದೀನಿ.